ಪಟ್ಟಿಯಿಲ್ಲದ ಪೆಟ್ಟಿಗೆ

ಮನೆಯಲ್ಲಿ ಮದುವೆ ಮುಗಿದು, ಶಾಮಿಯಾನದವನ ಬಾಕಿ ಚುಕ್ತಾ ಆಗಿ, ಬೀಗರೂಟವೂ ಆದ ಮೇಲೆ ಹಿರಿಯರೊಬ್ಬರು ಕೇಳೇ ಕೇಳುತ್ತಾರೆ: ‘ಒಡವೆ ಎಲ್ಲಿಟ್ರಿ?’ ‘ಬ್ಯಾಂಕ್ ಲಾಕರಿಗೆ ಹಾಕಿಬಿಟ್ವಿ’ ಅಂದರೆ ಅಲ್ಲಿಗೆ ಮಾತು ಮುಗಿಯಿತು. ಯಾವ ಕರಾರಿನ ಮೇಲೆ ಇಟ್ಟಿರಿ, ಕಳೆದರೆ ಯಾರು ಕೊಡುತ್ತಾರೆ, ಎಷ್ಟು ಕೊಡುತ್ತಾರೆ ಎಂದು ಮುಂದಕ್ಕೆ ಕೇಳುವವರಿಲ್ಲ. ಕೇಳಿದವನು ಅಪಶಕುನ ನುಡಿದವನಾಗುತ್ತಾನೆ. ನಾಲ್ಕು ಕಡೆ ವಿಚಾರಿಸದೆ ಸೈಟು ಕೊಳ್ಳದ ಜನ, ಟೊಮೆಟೊ ಕೊಳ್ಳುವಾಗಲೂ ಒಂದೊಂದನ್ನೇ ಹಿಸುಕಿ ನೋಡುವ ಜನ, ಮೂರು ತಲೆಮಾರಿನ ಚಿನ್ನವನ್ನು ಒಂದು ಕಬ್ಬಿಣದ ಗೂಡಿನೊಳಗಿಟ್ಟು ಬರುವಾಗ ಒಂದೇ ಒಂದು ಪ್ರಶ್ನೆ ಕೇಳುವುದಿಲ್ಲ.

ಈ ನಂಬಿಕೆ ಬರೀ ಹಳಬರದಲ್ಲ. ಓದಿದವರಲ್ಲಿ ಅದು ಇನ್ನೂ ಗಟ್ಟಿಯಾಗಿದೆ, ಜೊತೆಗೆ ಅವರ ಬಳಿ ಆಧಾರವೂ ಇದೆ: ‘ಈಗ ರಿಸರ್ವ್ ಬ್ಯಾಂಕ್ ಹೊಸ ನಿಯಮ ತಂದಿದೆಯಲ್ಲ, ಏನಾದರೂ ಆದರೆ ಬ್ಯಾಂಕೇ ಹೊಣೆ.’ ನಿಯಮ ಬಂದದ್ದು ನಿಜ. 2021ರ ಆಗಸ್ಟ್ 18ರಂದು ಹೊರಟ ಆ ಸುತ್ತೋಲೆ 2022ರ ಜನವರಿ 1ರಿಂದ ಜಾರಿಗೆ ಬಂತು. ಅದರಲ್ಲಿ ಒಳ್ಳೆಯ ಅಂಶಗಳೂ ಇವೆ. ಲಾಕರು ತೆರೆದಾಗಲೆಲ್ಲ ಮೊಬೈಲಿಗೆ ಸಂದೇಶ ಬರಬೇಕು, ಸ್ಟ್ರಾಂಗ್ ರೂಮಿಗೆ ಹೋಗಿಬಂದವರ ಸಿಸಿಟಿವಿ ದೃಶ್ಯವನ್ನು 180 ದಿನ ಉಳಿಸಿಕೊಳ್ಳಬೇಕು, ಖಾಲಿ ಲಾಕರುಗಳ ಲೆಕ್ಕ ಇಟ್ಟು ಕಾಯುವವರಿಗೆ ಸರದಿ ಸಂಖ್ಯೆ ಕೊಡಬೇಕು. ಆದರೆ ಹೊಣೆಯ ಭಾಗವನ್ನು ಎಷ್ಟು ಜನ ಓದಿದ್ದಾರೆ? 2023ರಲ್ಲಿ ಹೊಸ ಕರಾರಿಗೆ ಸಹಿ ಹಾಕಿ ಎಂದು ಬ್ಯಾಂಕುಗಳು ಕರೆದಾಗ ಛಾಪಾ ಕಾಗದ ಹಿಡಿದು ಸಾಲುಗಟ್ಟಿ ನಿಂತಿದ್ದೆವು. ಗುಮಾಸ್ತರು ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆಯೆಲ್ಲ ಸಹಿ ಮಾಡಿದೆವು. ಆ ಹಾಳೆಗಳ ನಡುವೆಯೇ ಇತ್ತು ಆ ಷರತ್ತು.

ಅದು ಹೇಳುವುದು ಇಷ್ಟು. ಬೆಂಕಿ, ಕಳವು, ಕನ್ನ, ದರೋಡೆ, ಕಟ್ಟಡ ಕುಸಿತ, ಸಿಬ್ಬಂದಿಯ ವಂಚನೆ, ಇವುಗಳಲ್ಲಿ ಯಾವುದರಿಂದ ಲಾಕರಿನ ವಸ್ತು ಹೋದರೂ ಬ್ಯಾಂಕಿನ ಹೊಣೆ ಚಾಲ್ತಿಯಲ್ಲಿರುವ ವಾರ್ಷಿಕ ಬಾಡಿಗೆಯ ನೂರು ಪಟ್ಟು. ಭೂಕಂಪ, ಪ್ರವಾಹ, ಸಿಡಿಲಿನಂಥ ಪ್ರಕೃತಿ ವಿಕೋಪಕ್ಕೆ ಹೊಣೆಯೇ ಇಲ್ಲ.

ಕಾಗದ ಪೆನ್ಸಿಲು ತೆಗೆದುಕೊಳ್ಳಿ. ತಾಲ್ಲೂಕು ಕೇಂದ್ರದ ಒಂದು ಶಾಖೆ, ಚಿಕ್ಕ ಲಾಕರು, ಬಾಡಿಗೆ ವರ್ಷಕ್ಕೆ 1,500 ರೂಪಾಯಿ ಎಂದುಕೊಳ್ಳೋಣ. ನೂರು ಪಟ್ಟು ಎಂದರೆ ಒಂದೂವರೆ ಲಕ್ಷ. ಒಳಗಿರುವುದು ಸಾಧಾರಣ ಮನೆಯೊಂದರ ಚಿನ್ನ: ಒಂದು ಅವಲಕ್ಕಿ ಸರ, ನಾಲ್ಕು ಬಳೆ, ಅತ್ತೆಯ ಕಾಲದ ಡಾಬು, ಎರಡು ಜೊತೆ ಜುಮಕಿ. ಎಲ್ಲ ಸೇರಿ 150 ಗ್ರಾಂ ಎನ್ನಿ. ಹತ್ತು ಗ್ರಾಂ ಚಿನ್ನ ಲಕ್ಷ ರೂಪಾಯಿ ದಾಟಿದ್ದು 2025ರಲ್ಲಿ. ಬರೀ ಲಕ್ಷಕ್ಕೇ ಲೆಕ್ಕ ಹಾಕಿದರೂ ಹದಿನೈದು ಲಕ್ಷ. ಹದಿನೈದು ಹೋದಲ್ಲಿ ಒಂದೂವರೆ ಬರುತ್ತದೆ. ಚಿನ್ನ ಏರಿದಷ್ಟೂ ಬಾಡಿಗೆ ಏರುವುದಿಲ್ಲವಾದ್ದರಿಂದ ಈ ಪಾಲು ವರ್ಷವರ್ಷವೂ ಕಿರಿದಾಗುತ್ತ ಹೋಗುತ್ತದೆ. ಇನ್ನೊಂದು ವಿಚಿತ್ರ ನೋಡಿ. ಬೆಂಗಳೂರಿನ ಜಯನಗರದ ಲಾಕರಿಗೂ ಸಣ್ಣ ಊರಿನ ಲಾಕರಿಗೂ ಬಾಡಿಗೆ ಬೇರೆಯಾದ್ದರಿಂದ ಹೊಣೆಯೂ ಬೇರೆ. ಅದೇ ತೂಕದ ಅದೇ ಸರ ಊರಲ್ಲಿ ಕಳೆದರೆ ಅಗ್ಗ, ನಗರದಲ್ಲಿ ಕಳೆದರೆ ತುಸು ದುಬಾರಿ. ಯಾವ ನ್ಯಾಯಶಾಸ್ತ್ರದ ಪುಸ್ತಕದಲ್ಲಿದೆ ಇದು?

ಪ್ರವಾಹದ ಮಾತಂತೂ ಬೇಡವೇ ಬೇಡ. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕದ ಪೇಟೆಯೊಳಗೆ ನುಗ್ಗಿದ್ದನ್ನು ಕಂಡ ನಾಡು ನಮ್ಮದು. ನದಿ ದಂಡೆಯ ಊರಲ್ಲಿ ನೆಲಮಾಳಿಗೆಯಲ್ಲೋ ನೆಲಮಹಡಿಯಲ್ಲೋ ಸ್ಟ್ರಾಂಗ್ ರೂಮು ಕಟ್ಟಿದವನು ಬ್ಯಾಂಕಿನವನು, ಬಾಡಿಗೆ ಎಣಿಸಿಕೊಂಡವನೂ ಅವನೇ. ನೀರು ಬಂದರೆ ಮಾತ್ರ ಅದು ದೇವರ ಕೆಲಸ.

ಈಗ ಅದೇ ಶಾಖೆಯ ಇನ್ನೊಂದು ಕೌಂಟರಿಗೆ ಬನ್ನಿ. ನನ್ನ ವಾದದ ತಿರುಳು ಇರುವುದು ಅಲ್ಲಿ.

ಹೆಂಗಸೊಬ್ಬರು ಬಿತ್ತನೆ ಬೀಜಕ್ಕೋ ಮಗನ ಫೀಸಿಗೋ ದುಡ್ಡು ಬೇಕಾಗಿ ಎರಡು ಬಳೆ ಅಡವಿಡಲು ಬಂದಿದ್ದಾರೆ. ಬ್ಯಾಂಕಿನ ಸರಾಫ ಕಣ್ಣಿಗೆ ಮಸೂರ ಹಚ್ಚಿ ಬಳೆಯನ್ನು ತಿರುಗಿಸಿ ನೋಡುತ್ತಾನೆ. ಒರೆಗಲ್ಲಿಗೆ ಉಜ್ಜಿ ಆಮ್ಲದ ಹನಿ ಬಿಡುತ್ತಾನೆ. ಅವರ ಕಣ್ಣೆದುರೇ ತಕ್ಕಡಿಗಿಟ್ಟು ಒಟ್ಟು ತೂಕ, ಕಲ್ಲಿನ ತೂಕ, ನಿವ್ವಳ ತೂಕ ಎಂದು ಮೂರು ಅಂಕಿ ಬರೆಯುತ್ತಾನೆ. ಬಳೆ ಲಕೋಟೆಯೊಳಗೆ ಹೋಗುತ್ತದೆ, ಲಕೋಟೆಗೆ ಮೊಹರು ಬೀಳುತ್ತದೆ, ಕೈಗೆ ಚೀಟಿ ಬರುತ್ತದೆ. ಚಿನ್ನದ ಸಾಲದ ಬಗ್ಗೆ ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊರಡಿಸಿದ ನಿರ್ದೇಶನಗಳು ಇದನ್ನೆಲ್ಲ ಕಡ್ಡಾಯ ಮಾಡಿವೆ: ಪರೀಕ್ಷೆ ಸಾಲಗಾರರ ಎದುರೇ ಆಗಬೇಕು, ಶುದ್ಧತೆ ಮತ್ತು ತೂಕದ ಪ್ರಮಾಣಪತ್ರ ಕೊಡಬೇಕು, ಅಡವಿಟ್ಟದ್ದಕ್ಕೆ ನಷ್ಟವಾದರೆ ಪರಿಹಾರ ತುಂಬಬೇಕು. ಸಾಲ ತೀರಿದ ಮೇಲೆ ಬ್ಯಾಂಕಿನ ತಪ್ಪಿನಿಂದಾಗಿ ಒಡವೆ ಮರಳಿಸುವುದು ಗಡುವು ಮೀರಿ ತಡವಾದರೆ ದಿನಕ್ಕೆ 5,000 ರೂಪಾಯಿ ದಂಡ.

ಸಾಲಗಾರಳ ಬಳೆಗೆ ಇಷ್ಟು ಮರ್ಯಾದೆ. ಹತ್ತು ಹೆಜ್ಜೆ ಆಚೆ, ಕಬ್ಬಿಣದ ಸರಳಿನ ಬಾಗಿಲ ಹಿಂದೆ, ಇಂಥದೇ ಬಳೆ ಲಾಕರಿನಲ್ಲಿದೆ. ಅದರ ಒಡತಿ ಬ್ಯಾಂಕಿಗೆ ಒಂದು ಪೈಸೆ ಸಾಲ ಬಾಕಿಯಿಟ್ಟಿಲ್ಲ, ಮೇಲಿಂದ ವರ್ಷಾವರ್ಷ ಬಾಡಿಗೆಯನ್ನೂ ಅದರ ಮೇಲೆ ಜಿಎಸ್‌ಟಿಯನ್ನೂ ಕಟ್ಟುತ್ತಾಳೆ. ಅವಳ ಬಳೆಗೆ ತೂಕವಿಲ್ಲ, ಚೀಟಿಯಿಲ್ಲ, ಮೊಹರಿಲ್ಲ. ಕಳೆದುಹೋದರೆ ಅದು ಇತ್ತೆಂದು ಹೇಳುವ ಒಂದು ಸಾಲಿನ ದಾಖಲೆಯೂ ಆ ಕಟ್ಟಡದಲ್ಲಿಲ್ಲ. ಹಾಗಾದರೆ ನಿಶ್ಚಿಂತೆ ಬೇಕಾದವರು ಲಾಕರು ಹಿಡಿಯುವ ಬದಲು ಬೇಡದಿದ್ದರೂ ಒಂದು ಸಾಲ ತೆಗೆದು ಒಡವೆಯನ್ನು ಅಡವಿಟ್ಟುಬಿಡುವುದೇ ಜಾಣತನ ಎಂದಾಯಿತು. ತಮಾಷೆಗೆ ಹೇಳುತ್ತಿಲ್ಲ, ಇದನ್ನೇ ಮಾಡುವವರು ಇದ್ದಾರೆ.

ಬ್ಯಾಂಕಿಗೆ ಕನ್ನ ಬಿದ್ದಾಗ ಈ ವ್ಯತ್ಯಾಸ ಬಯಲಿಗೆ ಬರುತ್ತದೆ. 2024ರ ಅಕ್ಟೋಬರಿನಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಯಿಂದ 17 ಕಿಲೋ ದಾಟಿದ ಅಡವಿನ ಚಿನ್ನ ಹೋಯಿತು. 2025ರ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯ ಕೆನರಾ ಬ್ಯಾಂಕ್ ಶಾಖೆಯಿಂದ ಹೋದದ್ದು 50 ಕಿಲೋಗೂ ಹೆಚ್ಚು. ಆ ಪ್ರಕರಣದಲ್ಲಿ ಪೊಲೀಸರು ಬಂಧಿಸಿದವರ ಪೈಕಿ ಅದೇ ಶಾಖೆಯಲ್ಲಿ ಹಿಂದೆ ವ್ಯವಸ್ಥಾಪಕನಾಗಿದ್ದವನೂ ಇದ್ದ. ನ್ಯಾಮತಿಯ ಚಿನ್ನ ಕೊನೆಗೆ ತಮಿಳುನಾಡಿನ ಬಾವಿಯೊಂದರಲ್ಲಿ ಸಿಕ್ಕಿತು. ಅದು ಯಾರ ಸರ, ಯಾರ ಬಳೆ ಎಂದು ಗುರುತಿಸಲು ಕಾಗದವಿತ್ತು. ಈಗ ಹರಿಯಾಣದ ಗೋಹಾನಾ ನೆನೆಯಿರಿ. 2014ರಲ್ಲಿ ಪಕ್ಕದ ಪಾಳು ಕಟ್ಟಡದಿಂದ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಸ್ಟ್ರಾಂಗ್ ರೂಮಿನವರೆಗೆ ಸುರಂಗ ತೋಡಿ ಎಪ್ಪತ್ತಕ್ಕೂ ಹೆಚ್ಚು ಲಾಕರು ಒಡೆದಿದ್ದರು. 2017ರಲ್ಲಿ ನವಿ ಮುಂಬಯಿಯ ಜುಯಿನಗರದಲ್ಲಿ ಬಾಡಿಗೆಗೆ ಹಿಡಿದ ಅಂಗಡಿಯೊಳಗಿಂದ ನೆಲ ಅಗೆದು ಬ್ಯಾಂಕ್ ಆಫ್ ಬರೋಡಾದ ಮೂವತ್ತು ಲಾಕರು ಬರಿದು ಮಾಡಿದರು. ಅಲ್ಲಿ ಏನೇನು ಹೋಯಿತು ಎಂದು ಹೇಳಬೇಕಾದವರು ಗ್ರಾಹಕರೇ. ಹೇಳಿದರೆ ನಂಬಬೇಕೆಂದು ಯಾರಿಗೂ ಕಟ್ಟಳೆಯಿಲ್ಲ. ಅಮ್ಮನ ಮದುವೆಯಲ್ಲಿ ಕೊಂಡ ಸರಕ್ಕೆ ರಸೀದಿ ತನ್ನಿ ಎಂದರೆ ಎಲ್ಲಿಂದ ತರುವುದು?

ಬ್ಯಾಂಕಿನವರ ಸಮರ್ಥನೆ ಎಲ್ಲರಿಗೂ ಬಾಯಿಪಾಠ: ‘ನೀವು ಒಳಗೆ ಏನಿಡುತ್ತೀರೋ ನಮಗೆ ಗೊತ್ತಿಲ್ಲ. ನಾವು ಜಾಗ ಬಾಡಿಗೆಗೆ ಕೊಟ್ಟವರು, ಮನೆ ಮಾಲೀಕರಿದ್ದ ಹಾಗೆ. ನಾಳೆ ಕಳವಾದರೆ ಯಾರೋ ಬಂದು ಒಂದು ಕಿಲೋ ಇಟ್ಟಿದ್ದೆ ಎಂದರೆ ಕೊಡಲಾಗುತ್ತದೆಯೇ?’ ಕೇಳಿದಾಗ ಸರಿ ಎನಿಸುತ್ತದೆ. ತಲೆಯಾಡಿಸಿ ಎದ್ದು ಬರುತ್ತೇವೆ. ಆದರೆ ಯಾವ ಮನೆ ಮಾಲೀಕ ತನ್ನ ಕೀಲಿಯೂ ಸೇರದೆ ಬಾಡಿಗೆದಾರನ ಬಾಗಿಲು ತೆರೆಯದಂತೆ ಇಟ್ಟುಕೊಂಡಿದ್ದಾನೆ? ಲಾಕರಿಗೆ ಎರಡು ಕೀಲಿ. ಬ್ಯಾಂಕಿನ ಮಾಸ್ಟರ್ ಕೀ ತಿರುಗದೆ ನಮ್ಮದು ತಿರುಗುವುದಿಲ್ಲ. ನಾವು ಬರಬಹುದಾದ ಹೊತ್ತು, ರಿಜಿಸ್ಟರಿನ ಸಹಿ, ಒಳಗೆ ಇರಬಹುದಾದ ನಿಮಿಷ, ಎಲ್ಲ ಅವರ ಅಂಕೆಯಲ್ಲಿದೆ. ಕಾವಲುಗಾರ ಅವರವನು, ಕ್ಯಾಮೆರಾ ಅವರದು, ಅಲಾರಂ ಅವರದು. ಅಧಿಕಾರವನ್ನೆಲ್ಲ ಇಟ್ಟುಕೊಂಡು ಹೊಣೆಯ ಮಾತು ಬಂದಾಗ ಮಾತ್ರ ‘ನಾವು ಬರೀ ಜಾಗ ಕೊಟ್ಟವರು’ ಎಂದರೆ ಹೇಗೆ?

ಇನ್ನು ‘ಒಳಗೇನಿದೆ ನಮಗೆ ಗೊತ್ತಾಗುವ ದಾರಿಯೇ ಇಲ್ಲ’ ಎಂಬುದು. ಇದು ಅರ್ಧಸತ್ಯವೂ ಅಲ್ಲ. ಪಟ್ಟಿ ಮಾಡುವುದು ಹೇಗೆಂದು ಬ್ಯಾಂಕುಗಳಿಗೆ ಚೆನ್ನಾಗಿ ಗೊತ್ತಿದೆ. ಲಾಕರುದಾರ ಸತ್ತು ನಾಮಿನಿ ಬಂದರೆ, ವಸ್ತು ಕೊಡುವ ಮುನ್ನ ನಿಗದಿತ ನಮೂನೆಯಲ್ಲಿ ಪಟ್ಟಿ ತಯಾರಿಸಿ ಸಹಿ ಹಾಕಿಸಿಕೊಳ್ಳಬೇಕೆಂದು ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯೇ ಹೇಳುತ್ತದೆ. ಮೂರು ವರ್ಷ ಬಾಡಿಗೆ ಬಾರದೆ ಲಾಕರು ಒಡೆದರೆ ಬ್ಯಾಂಕಿನ ಅಧಿಕಾರಿ ಮತ್ತು ಇಬ್ಬರು ಸ್ವತಂತ್ರ ಸಾಕ್ಷಿಗಳ ಎದುರು ಒಡೆದು ಪಟ್ಟಿ ಮಾಡಿ, ಮೊಹರು ಹಾಕಿದ ಲಕೋಟೆಯಲ್ಲಿಡಬೇಕು. ಅಂದರೆ ಬದುಕಿರುವ, ಬಾಡಿಗೆ ಕಟ್ಟುವ, ಎದುರಿಗೆ ನಿಂತ ಗ್ರಾಹಕನ ಒಡವೆಗೆ ಮಾತ್ರ ಪಟ್ಟಿ ಅಸಾಧ್ಯ. ಅವನು ಸತ್ತರೆ, ಇಲ್ಲವೆ ಬಾಕಿದಾರನಾದರೆ, ಥಟ್ಟನೆ ಸಾಧ್ಯವಾಗುತ್ತದೆ.

ರಿಸರ್ವ್ ಬ್ಯಾಂಕಿನ ಹೊಸ ನಿಯಮ ಹುಟ್ಟಿದ್ದಕ್ಕೆ ಕಾರಣವಾದ ಪ್ರಕರಣವನ್ನೇ ನೋಡಿ. ಕೋಲ್ಕತ್ತದ ಒಂದು ಕುಟುಂಬ 1950ರ ದಶಕದಲ್ಲಿ ಯುನೈಟೆಡ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಲಾಕರು ಹಿಡಿದಿತ್ತು. ಬಾಡಿಗೆ ಸಂದಾಯವಾಗಿದ್ದರೂ ಬಾಕಿಯಿದೆಯೆಂದು ಬ್ಯಾಂಕು 1994ರಲ್ಲಿ ಅದನ್ನು ಒಡೆಯಿತು. ಒಡೆದ ಸುದ್ದಿಯನ್ನೂ ತಿಳಿಸಲಿಲ್ಲ. ಮರುವರ್ಷ ಗ್ರಾಹಕ ಹೋದಾಗ ಲಾಕರು ಬೇರೆಯವರ ಪಾಲಾಗಿತ್ತು. ಏಳು ಒಡವೆಯಿದ್ದವು ಎಂದು ಅವರು, ಇದ್ದದ್ದು ಎರಡೇ ಎಂದು ಬ್ಯಾಂಕು. ಆ ಎರಡೂ ಮೊಹರಿಲ್ಲದ ಲಕೋಟೆಯಲ್ಲಿದ್ದವು. ಜಿಲ್ಲಾ ವೇದಿಕೆ ಗ್ರಾಹಕನ ಮಾತು ಎತ್ತಿಹಿಡಿಯಿತು. ರಾಜ್ಯ ಆಯೋಗ ಪರಿಹಾರವನ್ನು 30,000ಕ್ಕೆ ಇಳಿಸಿತು, ಒಳಗೇನಿತ್ತು ಎಂಬ ಜಗಳಕ್ಕೆ ಸಿವಿಲ್ ಕೋರ್ಟಿಗೆ ಹೋಗಿ ಎಂದಿತು. ಕೊನೆಗೆ 2021ರ ಫೆಬ್ರುವರಿ 19ರಂದು ಸುಪ್ರೀಂ ಕೋರ್ಟು ಐದು ಲಕ್ಷ ಪರಿಹಾರ, ಒಂದು ಲಕ್ಷ ಖರ್ಚು ಕೊಡಿಸಿತು. ತಪ್ಪು ಮಾಡಿದ ಅಧಿಕಾರಿಗಳು ಇನ್ನೂ ಕೆಲಸದಲ್ಲಿದ್ದರೆ ಪರಿಹಾರದ ಹಣವನ್ನು ಅವರ ಸಂಬಳದಿಂದಲೇ ವಸೂಲು ಮಾಡಿ ಎಂದೂ ಹೇಳಿತು. ತೀರ್ಪು ಬರೆದವರು ನಮ್ಮ ಹಾವೇರಿ ಜಿಲ್ಲೆಯ ಚಿಕ್ಕೇರೂರಿನ ನ್ಯಾಯಮೂರ್ತಿ ಮೋಹನ ಶಾಂತನಗೌಡರ. ಲಾಕರಿನ ವಿಚಾರದಲ್ಲಿ ಬ್ಯಾಂಕುಗಳು ಕೈ ತೊಳೆದುಕೊಳ್ಳುವಂತಿಲ್ಲ, ಗ್ರಾಹಕ ಪೂರ್ತಿ ಅವರ ಮರ್ಜಿಯಲ್ಲಿರುತ್ತಾನೆ ಎಂಬುದು ಆ ತೀರ್ಪಿನ ಸಾರ. ಆರು ತಿಂಗಳೊಳಗೆ ನಿಯಮ ಮಾಡಿ ಎಂದು ರಿಸರ್ವ್ ಬ್ಯಾಂಕಿಗೆ ಆದೇಶಿಸಿದ ಎರಡೇ ತಿಂಗಳಿಗೆ ಅವರು ತೀರಿಕೊಂಡರು. ಅವರ ಆದೇಶಕ್ಕೆ ಉತ್ತರವಾಗಿ ಬಂದದ್ದು ಈ ನೂರು ಪಟ್ಟಿನ ಸೂತ್ರ. ಆ ಕುಟುಂಬದ ಉಳಿದ ಐದು ಒಡವೆ ಇದ್ದವೋ ಇಲ್ಲವೋ ಎಂಬುದು ಲಾಕರು ಒಡೆದು ಇಪ್ಪತ್ತಾರು ವರ್ಷ ಕಳೆದ ಮೇಲೂ ತೀರ್ಮಾನವಾಗಲಿಲ್ಲ. ಹೊಸ ನಿಯಮದಲ್ಲಿ ಅಂಥದೇ ಜಗಳ ಮತ್ತೆ ಹುಟ್ಟಿದರೂ ತೀರ್ಮಾನವಾಗುವುದಿಲ್ಲ, ಏಕೆಂದರೆ ಪಟ್ಟಿ ಇಂದಿಗೂ ಇಲ್ಲ.

ಇಷ್ಟು ಹೇಳಿದ ಮೇಲೆ ಸ್ನೇಹಿತರು ಕೊನೆಯ ಅಸ್ತ್ರ ತೆಗೆಯುತ್ತಾರೆ: ‘ಗುಟ್ಟೇ ಲಾಕರಿನ ಲಾಭ. ಒಳಗೇನಿದೆ ಎಂದು ಬ್ಯಾಂಕಿಗೂ ಗೊತ್ತಾಗಬಾರದು, ಸರ್ಕಾರಕ್ಕೂ ಗೊತ್ತಾಗಬಾರದು.’ ಯಾರ ಲಾಭ? ಸಂಬಳದಲ್ಲಿ ಉಳಿಸಿ ಮಗಳಿಗೆ ಸರ ಮಾಡಿಸಿದ ಶಿಕ್ಷಕಿಗೆ ಮುಚ್ಚಿಡುವಂಥದ್ದು ಏನಿದೆ? ಆದಾಯ ತೆರಿಗೆಯವರ ಭಯವಾದರೆ, ಶೋಧದ ವೇಳೆ ಮದುವೆಯಾದ ಹೆಂಗಸಿನ 500 ಗ್ರಾಂ, ಮದುವೆಯಾಗದ ಹೆಣ್ಣುಮಕ್ಕಳ 250 ಗ್ರಾಂ, ಗಂಡಸಿನ 100 ಗ್ರಾಂವರೆಗಿನ ಒಡವೆ ಜಪ್ತಿ ಮಾಡಬೇಡಿ ಎಂದು ನೇರ ತೆರಿಗೆ ಮಂಡಳಿ 1994ರಲ್ಲೇ ತನ್ನ ಅಧಿಕಾರಿಗಳಿಗೆ ಸೂಚಿಸಿದೆ. ಸಾಮಾನ್ಯ ಮನೆಯ ಒಡವೆ ಅದರೊಳಗೇ ಬರುತ್ತದೆ. ಗುಟ್ಟು ಬೇಕಾದವರು ಬೇರೆ ಇದ್ದಾರೆ. ದಾಳಿಯಾದಾಗ ಟಿವಿಯಲ್ಲಿ ಅವರ ಲಾಕರು ತೆರೆಯುವುದನ್ನು ನಾವೇ ನೋಡುತ್ತೇವೆ. ಆ ಕೆಲವರಿಗೆ ಅನುಕೂಲವಾದ ಕತ್ತಲನ್ನು ಉಳಿದವರ ಮೇಲೂ ಹೊದಿಸಿ ಅದಕ್ಕೆ ಖಾಸಗಿತನ ಎಂದು ಹೆಸರಿಟ್ಟಿದ್ದೇವೆ. ನೋಟಿನ ಕಂತೆ ಇಡುವವರದು ಇನ್ನೊಂದು ಪಾಡು. ಲಾಕರಿನಲ್ಲಿ ನಗದು ಇಡುವಂತೆಯೇ ಇಲ್ಲ. 2023ರಲ್ಲಿ ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ಮಗಳ ಮದುವೆಗೆಂದು ಒಬ್ಬ ತಾಯಿ ಲಾಕರಿನಲ್ಲಿಟ್ಟಿದ್ದ 18 ಲಕ್ಷ ರೂಪಾಯಿಯನ್ನು ಗೆದ್ದಲು ತಿಂದಿತ್ತು. ನಗದು ಇಟ್ಟದ್ದು ಆಕೆಯ ತಪ್ಪು ಎನ್ನಿ. ಸ್ಟ್ರಾಂಗ್ ರೂಮಿಗೆ ಗೆದ್ದಲು ಹತ್ತಿದ್ದು ಯಾರ ತಪ್ಪು?

ಈ ಗುಟ್ಟಿನ ಭಾರ ಅತಿ ಹೆಚ್ಚು ಬೀಳುವುದು ಹೊಸ ಸೊಸೆಯ ಮೇಲೆ. ತವರಿನ ಒಡವೆ ಮದುವೆಯ ವಾರದೊಳಗೆ ಲಾಕರು ಸೇರುತ್ತದೆ, ಲಾಕರು ಮಾವನ ಹೆಸರಿನಲ್ಲೋ ಗಂಡನ ಹೆಸರಿನಲ್ಲೋ ಇರುತ್ತದೆ. ‘ನಿನ್ನ ಒಡವೆ ನಮ್ಮ ಬ್ಯಾಂಕಿನಲ್ಲಿ ಭದ್ರವಾಗಿದೆಯಮ್ಮಾ’ ಎಂದು ಅತ್ತೆ ಹೇಳುತ್ತಾರೆ. ಹಬ್ಬಕ್ಕೆ ಬೇಕೆಂದರೆ ಕೀಲಿ ಇರುವವರ ಬಿಡುವು ಕಾಯಬೇಕು. ಸಂಸಾರ ಮುರಿದರೆ ಇಟ್ಟದ್ದು ಎಷ್ಟೆಂಬುದಕ್ಕೆ ಮದುವೆ ಆಲ್ಬಮ್ಮಿನ ಫೋಟೊ ಬಿಟ್ಟರೆ ಸಾಕ್ಷಿಯಿಲ್ಲ. ಸ್ತ್ರೀಧನ ಹೆಂಡತಿಯ ಸ್ವಂತದ್ದು, ಗಂಡನಿಗೆ ಅದರಲ್ಲಿ ಒಡೆತನವಿಲ್ಲ ಎಂದು 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಕೇರಳದ ಪ್ರಕರಣವೊಂದರಲ್ಲಿ ಮತ್ತೆ ಹೇಳಿ 25 ಲಕ್ಷ ರೂಪಾಯಿ ಕೊಡಿಸಿತು. ಆಕೆಯ 89 ಪವನ್ ಚಿನ್ನ ಹೋಗಿದ್ದು ಬ್ಯಾಂಕಿನ ಲಾಕರಿಗಲ್ಲ, ಮದುವೆಯ ಮೊದಲ ರಾತ್ರಿಯೇ ‘ಭದ್ರವಾಗಿಡಲು’ ಅತ್ತೆಯ ಕೈಗೆ. ಆದರೂ ಎರಡು ಕಡೆಯ ಮಾತು ಒಂದೇ ತೆರನಾದ್ದು. ಭದ್ರವಾಗಿಡುತ್ತೇನೆ ಎಂದವರು ಎಷ್ಟು ಇಟ್ಟುಕೊಂಡೆ ಎಂದು ಬರೆದುಕೊಡುವುದಿಲ್ಲ.

ಬರೆದಿಡುವ ಪದ್ಧತಿ ನಮಗೆ ಹೊಸದೂ ಅಲ್ಲ. ಮೇಲುಕೋಟೆಯ ಚೆಲುವನಾರಾಯಣನ ವೈರಮುಡಿ, ರಾಜಮುಡಿ ಕಿರೀಟಗಳು ವರ್ಷವೆಲ್ಲ ಮಂಡ್ಯದ ಖಜಾನೆಯಲ್ಲಿರುತ್ತವೆ. ಉತ್ಸವದ ದಿನ ಪೊಲೀಸ್ ಕಾವಲಿನಲ್ಲಿ ಹೊರಡುತ್ತವೆ, ದಾರಿಯ ಊರುಗಳಲ್ಲಿ ಪೂಜೆ ಪಡೆದು ಬೆಟ್ಟ ಸೇರುತ್ತವೆ. ಅಷ್ಟೆಲ್ಲ ಭಕ್ತಿ, ಅಷ್ಟೆಲ್ಲ ಬಂದೋಬಸ್ತಿನ ನಡುವೆಯೂ ದೇವಸ್ಥಾನದಲ್ಲಿ ಪಾರ್ಕಾವಣೆ, ಅಂದರೆ ಒಡವೆಯ ತಪಾಸಣೆ, ಆಗದೆ ಕಿರೀಟ ದೇವರ ಮುಡಿಗೇರುವುದಿಲ್ಲ. ಸಾಕ್ಷಾತ್ ಚೆಲುವರಾಯನ ಒಡವೆಯನ್ನೇ ಪರಿಶೀಲಿಸಿ ಒಪ್ಪಿಸಿಕೊಳ್ಳುವ ನಾಡಿನಲ್ಲಿ ನರಮನುಷ್ಯರ ಒಡವೆಗೆ ‘ನಂಬಿಕೆ ಇರಲಿ’ ಎಂಬ ಉತ್ತರ ಸಾಕೇ?

ಸ್ವಂತ ವಿಮೆ ಮಾಡಿಸಿಕೊಳ್ಳಿ ಎನ್ನುವವರಿಗೆ ಒಂದೇ ಮಾತು. ಬ್ಯಾಂಕು ಲಾಕರಿನ ವಸ್ತುವಿಗೆ ವಿಮೆ ಮಾಡಿಸಬೇಕಿಲ್ಲ, ಅಂಥ ವಿಮೆಯನ್ನು ತಾನು ಮಾರುವಂತೆಯೂ ಇಲ್ಲ ಎಂದು 2021ರ ಆ ಸುತ್ತೋಲೆಯೇ ಹೇಳಿದೆ. ಹೊರಗಿನ ವಿಮೆಯವನ ಬಳಿ ಹೋದರೆ ಅವನು ಮೊದಲು ಕೇಳುವುದು ಮೌಲ್ಯಮಾಪನ ಮಾಡಿಸಿದ ಪಟ್ಟಿಯನ್ನು. ಸುತ್ತಿ ಬಳಸಿ ಅಲ್ಲಿಗೇ ಬಂದೆವಲ್ಲ! ಹಾಗಿದ್ದ ಮೇಲೆ ಕಾವಲು ಕಾಯುವವನೇ ಆ ಪಟ್ಟಿ ಇಟ್ಟುಕೊಂಡರೆ ಏನು ಕಷ್ಟ?

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಗುಟ್ಟು ಬೇಕಾದವರಿಗೆ ಈಗಿನ ಲಾಕರೇ ಇರಲಿ, ನೂರು ಪಟ್ಟಿನ ಮಿತಿಯೂ ಇರಲಿ. ಬೇಡವೆನ್ನುವವರಿಗೆ ಎರಡನೆಯ ಬಗೆಯೊಂದು ಬರಲಿ: ಒಡವೆಯನ್ನು ಎದುರಿಗೇ ತೂಗಿ, ಫೋಟೊ ತೆಗೆದು, ಪಟ್ಟಿಗೆ ಎರಡೂ ಕಡೆಯವರು ಸಹಿ ಹಾಕಿ, ಚೀಲಕ್ಕೆ ಮೊಹರು ಹಾಕಿ ಲಾಕರಿಗಿಡುವುದು, ಘೋಷಿಸಿದ ಬೆಲೆಯ ಮೇಲೆ ಹೆಚ್ಚುವರಿ ಶುಲ್ಕ, ಕಳೆದರೆ ಘೋಷಿಸಿದಷ್ಟಕ್ಕೂ ಹೊಣೆ. ರೈಲ್ವೆಯಲ್ಲಿ ಪಾರ್ಸೆಲ್ ಕಳಿಸುವಾಗ ಬೆಲೆ ಘೋಷಿಸಿ ಶೇಕಡಾವಾರು ಶುಲ್ಕ ಕಟ್ಟಿದರೆ ಹೊಣೆ ಹೆಚ್ಚುತ್ತದೆ, ಇಲ್ಲದಿದ್ದರೆ ತೂಕದ ಲೆಕ್ಕದ ಮಿತಿಯಷ್ಟೆ. 1989ರ ರೈಲ್ವೆ ಕಾಯ್ದೆಯಲ್ಲಿ ಇದಕ್ಕೆ ಕಲಮೇ ಇದೆ. ಅಂಚೆಯಲ್ಲಿ ವಿಮೆ ಮಾಡಿದ ಪಾರ್ಸೆಲ್ಲಿನದೂ ಅದೇ ತರ್ಕ. ಹೋಲ್ಡಾಲಿಗೂ ಹಲಸಿನಹಣ್ಣಿನ ಬುಟ್ಟಿಗೂ ಸಿಗುವ ಸೌಲಭ್ಯ ಮಾಂಗಲ್ಯ ಸರಕ್ಕೆ ಸಿಗುವುದಿಲ್ಲವೆಂದರೆ ನಾಚಿಕೆಗೇಡು.

ಇದಕ್ಕೆಲ್ಲ ಸಿಬ್ಬಂದಿ ಎಲ್ಲಿದ್ದಾರೆ ಎಂದು ವ್ಯವಸ್ಥಾಪಕರು ಕೈ ಚೆಲ್ಲುತ್ತಾರೆ. ಲಾಕರು ಕೇಳಲು ಹೋದವರಿಗೆ ಮೊದಲು ದೊಡ್ಡ ಮೊತ್ತದ ಠೇವಣಿ ಇಡಿ, ಒಂದು ವಿಮೆ ಪಾಲಿಸಿಯನ್ನೂ ತೆಗೆದುಕೊಳ್ಳಿ ಎಂದು ಗಂಟೆಗಟ್ಟಲೆ ಪುಸಲಾಯಿಸಲು ಮಾತ್ರ ಸಿಬ್ಬಂದಿ ಇರುತ್ತಾರೆ. ಮೂರು ವರ್ಷದ ಬಾಡಿಗೆ ಮತ್ತು ಒಡೆಯುವ ಖರ್ಚಿಗೆ ಸಾಕಾಗುವಷ್ಟು ಠೇವಣಿಯನ್ನಷ್ಟೇ ನಿಯಮ ಒಪ್ಪಿದೆ. ಅದನ್ನು ನನಗೆ ಹೇಳಿದವರು ಆ ಮೇಜಿನ ಆಚೆ ಬದಿಯವರಲ್ಲ, ನಿವೃತ್ತರಾದ ಒಬ್ಬ ಬ್ಯಾಂಕ್ ಗುಮಾಸ್ತರು. ಇನ್ನು ತೂಗುವವನ ಮಾತು. ಸಾಲದ ಕೌಂಟರಿನಲ್ಲಿ ಒರೆಗಲ್ಲು, ಮಸೂರ, ತಕ್ಕಡಿ ಇಟ್ಟುಕೊಂಡು ಸರಾಫ ಆಗಲೇ ಕೂತಿದ್ದಾನೆ. ಅವನನ್ನು ಹತ್ತು ಹೆಜ್ಜೆ ಈಚೆಗೆ ಕರೆದರೆ ಆಯಿತು. ಕೂಲಿಯನ್ನು ನಾವೇ ಕೊಡುತ್ತೇವೆ.